ಅರ್ಧಾ ಪಂಢರೀದು

ಅಕ್ಟೋಬರ್ 21, 2018, ಭಾನುವಾರ. ಬೀದರ

ಐದು ದಿನಗಳ ಮೇಲೆ ಇವತ್ತು ನಳಕ್ಕೆ ನೀರು ಬಂತು. ಎಷ್ಟು ಸಣ್ಣ ಧಾರೆಯೆಂದರೆ, ಕೊಡದ ಪಕ್ಕ ಕುಳಿತು ಅದರ ಸದ್ದು ಕೇಳುತ್ತಲೇ ನನಗೆ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಮನೆಯ ಮಾಲಕಿ ಬಿಸ್ಮಿಲ್ಲಾಬೀ ಎದುರಿಗೆ ನಿಂತಿದ್ದರು. ಅವರ ಮಗ ಸಂಸಾರ ಸಮೇತ ಊರಿಗೆ ವಾಪಸು ಬರುತ್ತಾನಂತೆ. ಬರುವ ಮೇ ಒಳಗೆ ನಾವು ಮನೆ ಬಿಡಬೇಕು.

ಹೇಳಿಕೊಳ್ಳಲು ಯಾರೂ ಇಲ್ಲದ್ದಕ್ಕೆ, ಶಾಲೆಯಿಂದ ತಂದ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಹೋದ ವರ್ಷದ ತನಕ ಔರಾದಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಕನ್ನಡ ಕಲಿಸುತ್ತಿದ್ದೆ. ಅಬ್ಬಾ ಹೊರಗೆ ಹೋದವರು ದಾರಿ ತಪ್ಪತೊಡಗಿದ ಮೇಲೆ ಬಿಟ್ಟೆ. ನಲವತ್ತು ವರ್ಷ ಗಾಂಧಿ ಗಂಜಿನ ಕಾಳುಪೇಟೆಯಲ್ಲಿ ಕಾಳು ತೂಗಿದ ನನ್ನ ಅಬ್ಬಾ ಲಾಲ ಅಹ್ಮದ ಈಗ ಹತ್ತು ನಿಮಿಷದ ಹಿಂದೆ ಕುಡಿದ ಚಹಾ ಮತ್ತೆ ಕೇಳುತ್ತಾರೆ. ಅವರಿಗೆ ಎಂಬತ್ತೆರಡು, ನನಗೆ ನಲವತ್ತನಾಲ್ಕು. ಅಮ್ಮೀ ಹೋಗಿ ಹನ್ನೊಂದು ವರ್ಷ. ನನಗೆ ಒಳ್ಳೆಯ ಮಗಳಾಗಿ ಸಾಕಾಗಿದೆ ಎಂದು ಇಲ್ಲಿಯಾದರೂ ಬರೆಯಬಹುದಲ್ಲ.

ಮಧ್ಯಾಹ್ನ ಅಂಚೆಯಲ್ಲಿ ಒಂದು ಪತ್ರ ಬಂತು. ಹೈದರಾಬಾದಿನ ಔಷಧಿ ಕಂಪನಿಯದು. ಅಬ್ಬಾ ಅದನ್ನು ಮೊದಲಿನಿಂದಲೂ ಗೋಲಿ ಕಂಪನಿ ಅನ್ನುತ್ತಾರೆ. ಅದರಲ್ಲಿ ಅವರ ಷೇರುಗಳಿವೆ. ಕಾನೂನು ಬದಲಾಗಿದೆ, ಡಿಸೆಂಬರ್ ಐದರ ನಂತರ ಕಾಗದದ ಷೇರನ್ನು ಇನ್ನೊಬ್ಬರ ಹೆಸರಿಗೆ ವರ್ಗ ಮಾಡಲು ಬರುವುದಿಲ್ಲ ಎಂದು ಬರೆದಿದ್ದರು. ಪೆಟ್ಟಿಗೆಯ ತಳದಲ್ಲಿ ಆ ಎರಡು ಕಾಗದ ಸಿಕ್ಕವು. ನೀಲಿ ಅಂಚು, ಬಳ್ಳಿಯ ಚಿತ್ರ, ನಡುವೆ ಅಬ್ಬಾ ಹೆಸರು. ನನ್ನ ಕೈಯಲ್ಲಿ ಅವನ್ನು ನೋಡಿದ್ದೇ ಅವರು ಎದ್ದು ಕೂತರು.

"ಆಧಾ ಪಂಢರಿ ಕಾ," ಅಂದರು. ಅರ್ಧ ಪಂಢರಿಯದು.

ಪಂಢರಿ ಔರಾದಿನ ಆಚೆಯ ಡಾಬಕಾ ಹಳ್ಳಿಯಿಂದ ಗಂಜಿಗೆ ತೊಗರಿ ತರುತ್ತಿದ್ದವನು, ಅಬ್ಬಾನ ಗೆಳೆಯ. ಸತ್ತು ಆರೇಳು ವರ್ಷವಾಗಿರಬೇಕು. ಕಾಗದದ ಹಿಂದೆ ಮುಂದೆ ಎಲ್ಲ ನೋಡಿದೆ. ಎಲ್ಲಿಯೂ ಅವನ ಹೆಸರಿಲ್ಲ.

ಅಕ್ಟೋಬರ್ 24

ಗಂಜಿಗೆ ಹೋಗಿದ್ದೆ. ನನ್ನನ್ನು ಆಪಾ, ಅಕ್ಕ ಅನ್ನುವ ಚಿಕ್ಕಮ್ಮನ ಮಗ ಅಯ್ಯುಬ ಅಲ್ಲಿ ಆನ್‌ಲೈನ್ ಅಂಗಡಿ ಇಟ್ಟಿದ್ದಾನೆ. ಪ್ಯಾನ್ ಕಾರ್ಡು, ಆಧಾರ್, ಷೇರಿನ ಖಾತೆ ಎಲ್ಲ ಮಾಡಿಕೊಡುತ್ತಾನೆ. ಮನೆಯಲ್ಲಿ ನಮ್ಮದು ದಖನಿ ಉರ್ದು, ಅಂಗಡಿಯಲ್ಲಿ ಅವನು ಗಿರಾಕಿಗಳ ಜೊತೆ ಆಡುವ ಕನ್ನಡವನ್ನೇ ನನ್ನ ಜೊತೆಯೂ ಆಡುತ್ತಾನೆ.

"ಇಷ್ಟ್ ದಿನ ಒಂದ್ ಫಾರಂ ತುಂಬಿ ಸಹಿ ಹಾಕಿದ್ರ ಕಾಗದ ಇನ್ನೊಬ್ಬರ ಹೆಸರಿಗಿ ಆಗ್ತಿತ್ತು ಆಪಾ. ಇನ್ನ ಮುಂದ ಆಗಂಗಿಲ್ಲ. ಕಾಗದ ಕಂಪನಿಗಿ ವಾಪಸ್ ಕೊಡ್ಬೇಕು. ಷೇರು ಕಂಪ್ಯೂಟರ್ ಖಾತಾದಾಗ ಕೂಡ್ತಾವ. ಡಿಮ್ಯಾಟ್ ಅಂತಾರ. ಆಮ್ಯಾಲ ಮಾರ್ರಿ, ಯಾರಿಗರ ಕೊಡ್ರಿ."

"ಕಾಗದ ಹಂಗೇ ಇಟ್ಕೊಂಡ್ರ?"

"ಮಾಲಕರು ಅಬ್ಬಾನೇ ಇರ್ತಾರ. ಖರೇ ಮಾರ್ಲಿಕ್ಕ ಬರಂಗಿಲ್ಲ. ಒಳಗ ಇದ್ದು ಹೊರಗಿಂದ ಕೀಲಿ ಹಾಕಿದಂಗ."

ಪಂಢರಿಯ ಮಾತು ಹೇಳಿದೆ. ನಕ್ಕ. "ಕಂಪನಿ ಪುಸ್ತಕದಾಗ ಯಾರ ಹೆಸರದ ಅವರೇ ಮಾಲಕರು. ನಿಮಗ ಮನಸ್ಸಿಗಿ ಹತ್ತಿದ್ರ ಅವನ ಹೆಂಡ್ತಿ ಕಡಿಂದ ಒಂದು ಕಾಗದ ಬರಸ್ಕೊಂಡ್ ಬರ್ರಿ, ನಮ್ದೇನೂ ಹಕ್ಕಿಲ್ಲ ಅಂತ."

ಒಳ್ಳೆಯ ಉಪಾಯ. ಅವನೇ ಒಕ್ಕಣೆ ಟೈಪು ಮಾಡಿ ಕೊಟ್ಟ. ಎಲ್ಲ ಷೇರು ಮಾರಿದರೆ ನಿನ್ನೆ ಚಿದ್ರಿ ರಸ್ತೆಯಲ್ಲಿ ನೋಡಿ ಬಂದ ಎರಡು ಕೋಣೆಯ ಮನೆ ನಮ್ಮದಾಗುತ್ತದೆ. ಅಂಗಳದಲ್ಲಿ ಬೇವಿನ ಮರವಿದೆ. ಸಂಜೆಯೆಲ್ಲ ಅದರ ನೆರಳಿನಲ್ಲಿ ತಿರುಗಾಡಿದ ಹಾಗಿತ್ತು, ಕಾಲಲ್ಲಿ ಚಪ್ಪಲಿಯಿಲ್ಲದೆ.

ನವೆಂಬರ್ 11, ಭಾನುವಾರ

ಅಬ್ಬಾನನ್ನು ಅಯ್ಯುಬನ ಹೆಂಡತಿ ಗುಲಶನಳ ಹತ್ತಿರ ಬಿಟ್ಟು ಡಾಬಕಾಕ್ಕೆ ಹೋದೆ. ಔರಾದ ತನಕ ನನ್ನ ಹಳೆಯ ಬಸ್ಸು, ಹಳೆಯ ಕಿಟಕಿ. ದಾರಿಯ ಎರಡೂ ಬದಿಗೆ ಕರಿನೆಲ ಬಾಯಿ ಬಿಟ್ಟುಕೊಂಡಿತ್ತು. ತೊಗರಿ ಮೊಣಕಾಲೆತ್ತರಕ್ಕೇ ನಿಂತು ಹಳದಿಯಾಗಿದೆ. ಎದುರಿನಿಂದ ಮಂದಿ ತುಂಬಿದ ಜೀಪುಗಳು ಬರುತ್ತಿದ್ದವು, ಮೇಲೆ ಹಾಸಿಗೆ, ಕೊಡ, ಒಂದರ ಮೇಲೆ ಹೊಲಿಗೆ ಯಂತ್ರ. ಎಲ್ಲ ಹೈದರಾಬಾದಿಗೆ, ಪುಣೆಗೆ. ಬಿಸಿಲಿನಲ್ಲಿ ಅವು ನೆಲಕ್ಕೆ ಸೋಕದೆ ತೇಲಿಕೊಂಡು ಹೋದಂತೆ ಕಂಡವು. ಊರಿಗೆ ಊರೇ ನಿದ್ದೆಗಣ್ಣಿನಲ್ಲಿ ನಡೆಯುತ್ತಿದೆಯೇನೋ ಅನಿಸಿತು.

ಡಾಬಕಾದಲ್ಲಿ ಪಂಢರಿಯ ಮನೆಗೆ ಕೀಲಿ. ಇಡೀ ಓಣಿಯಲ್ಲಿ ಹೊಗೆ ಬರುತ್ತಿದ್ದದ್ದು ಎರಡೇ ಮನೆಯಿಂದ. ಶಿವರಾಜಪ್ಪ ಎಂಬ ಮುದುಕರು ಕಟ್ಟೆಯಿಂದಲೇ ಕೇಳಿದರು: "ಯಾರ್ ಬೇಕಾಗಿತ್ರಿ? ಪಂಢರಿ ಹೆಂಡ್ತಿ ಶೇವಂತಾಬಾಯಿನಾ? ಭಾವಿ ಬತ್ತಿ ಹೋದ ಮ್ಯಾಗ ಮಗಳ ಕಡಿ ಭಾಲ್ಕಿಗಿ ಹೋಗ್ಯಾಳ್ರಿ." ಕುಡಿಯಲು ಅರ್ಧ ಲೋಟ ನೀರು ಕೊಟ್ಟರು. ಇನ್ನೂ ಬಾಯಾರಿಕೆ ಇತ್ತು. ಕೇಳಲು ಮನಸ್ಸಾಗಲಿಲ್ಲ.

ಒಂದು ರುಜುವಿಗಾಗಿ ಆ ಹೆಂಗಸನ್ನು ಹುಡುಕಿಕೊಂಡು ಇನ್ನೊಂದು ಭಾನುವಾರ ಹಾಳು.

ನವೆಂಬರ್ 18, ಭಾನುವಾರ

ಭಾಲ್ಕಿಗೆ ರೈಲಿನಲ್ಲಿ ಹೋಗಿ ಬಂದೆ. ಮಗಳು ಶಾಲುಬಾಯಿ ಅಲ್ಲಿ ಒಂದು ದವಾಖಾನೆಯಲ್ಲಿ ನರ್ಸು. ಒಂದೇ ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಚಿತ್ರ, ಕೆಳಗೆ ಆರು ಕೊಡ ಸಾಲಾಗಿ. ಶೇವಂತಾಬಾಯಿ ಎಂದರೆ ಅಳುವ ಮುದುಕಿ ಎದುರಾಗುತ್ತಾಳೆ ಅಂದುಕೊಂಡಿದ್ದೆ. ಎತ್ತರದ ಹೆಂಗಸು, ನೆಟ್ಟಗೆ ಕೂಡುತ್ತಾರೆ, ಮಾತಿಗೆ ಮೊದಲು ರೊಟ್ಟಿ ಬಡಿದರು.

"ಲಾಲ್ ಭಾಯಿ ಮಗಳು ಊಟಾ ಮಾಡ್ದೆ ಹೋದ್ರ ನಮ್ಮ ಮನ್ಯಾಗಿನವರು ಸುಮ್ಮಕ ಇರ್ತಾರೇನವ್ವಾ?" ಅಂದರು. ಪಂಢರಿ ಹೊರಗೆ ಎತ್ತು ಕಟ್ಟಲು ಹೋಗಿದ್ದಾನೆ ಎಂಬ ಹಾಗೆ.

ಅವರು ಹೇಳಿದ್ದು: ಆ ಕಾಲಕ್ಕೆ ಕಂಪನಿಯವರು ನೂರು ಷೇರಿಗೆ ಕಡಿಮೆ ಕೊಡುತ್ತಿರಲಿಲ್ಲ. ಒಬ್ಬರಿಂದ ಆಗುವ ಮಾತಲ್ಲ. ಇಬ್ಬರೂ ಅರ್ಧರ್ಧ ಹಾಕಿದರು. ಬ್ಯಾಂಕಿನಲ್ಲಿ ಖಾತೆ ಇದ್ದದ್ದು ಅಬ್ಬಾಗೆ ಮಾತ್ರ, ಅದಕ್ಕೇ ಅವರ ಹೆಸರು. ಪ್ರತಿ ವರ್ಷ ಲಾಭ ಬಂದಾಗ ಅಬ್ಬಾ ಬಸ್ಸು ಹತ್ತಿ ಡಾಬಕಾಕ್ಕೆ ಹೋಗಿ ಅರ್ಧ ಕೊಟ್ಟು, ಊಟ ಮಾಡಿ, ಹೊಲದಲ್ಲಿ ಒಂದು ನಿದ್ದೆ ಮಾಡಿ ಬರುತ್ತಿದ್ದರು. ಮೂರು ವರ್ಷದಿಂದ ಬಂದಿಲ್ಲ.

ಮೂರು ವರ್ಷದಿಂದ ಅಬ್ಬಾಗೆ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದೇ ತಿಳಿಯುವುದಿಲ್ಲ, ಅದನ್ನು ನಾನು ಹೇಳಬೇಕಾಯಿತು. ಅವರು ರೊಟ್ಟಿ ತಿರುವುವುದನ್ನು ನಿಲ್ಲಿಸಿದರು. ಹೆಂಚಿನ ಮೇಲೆ ಒಂದು ಕರ್ರಗಾಯಿತು.

ಕಾಗದ ಚಾಚಿದೆ. ಓದಲೇ ಇಲ್ಲ. "ಎಲ್ಲಿ ಹಾಕ್ಲಿ?" ಎಂದು ಕೇಳಿ, ದೊಡ್ಡ ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆದರು. ಶಾಲುಬಾಯಿ ಬಾಗಿಲ ಹತ್ತಿರ ನಿಂತು ನನ್ನನ್ನು ನೋಡುತ್ತಿದ್ದಳು.

ಕೆಲಸವಾಯಿತು. ರೈಲಿನಲ್ಲಿ ಬುತ್ತಿಯ ಗಂಟು ತೊಡೆಯ ಮೇಲೆ ಬೆಚ್ಚಗಿತ್ತು.

ಡಿಸೆಂಬರ್ 6

ಗಡುವು ಮುಂದೆ ಹೋಗಿದೆ, ಮಾರ್ಚ್ ಕೊನೆಯ ತನಕ. ನಮಗೆ ಅವಸರವಿಲ್ಲ ಎಂದು ಅಯ್ಯುಬ ಅಂದ. ಆದರೂ ಖಾತೆ ತೆರೆಸಿ ಕಾಗದ ಕಳಿಸಿದ್ದೇನೆ. ಅಬ್ಬಾನ ಸಹಿಗೆ ನಾಲ್ಕು ದಿನ ಬೇಕಾಯಿತು. ಕನ್ನಡದಲ್ಲಿ ಸಹಿ ಮಾಡಲು ನಾನೇ ಅವರಿಗೆ ಕಲಿಸಿದ್ದು, ನಾನು ಏಳನೇ ಇಯತ್ತೆಯಲ್ಲಿದ್ದಾಗ. ಲ ಬರೆಯುತ್ತಾರೆ, ಆಮೇಲೆ ಪೆನ್ನು ಹಿಡಿದು ಕಿಟಕಿಯಾಚೆ ನೋಡುತ್ತಾರೆ. ಗದರಿದೆ. ಗದರಬಾರದಿತ್ತು.

ಜನವರಿ 13, 2019, ಭಾನುವಾರ

ಬೆಳಿಗ್ಗೆ ಕಿಲ್ಲೆಯ ಕಡೆಯಿಂದ ಮಂಜು ಬಂದು ಓಣಿಯೆಲ್ಲ ಹಾಲು ಚೆಲ್ಲಿದಂತಿತ್ತು. ಅಬ್ಬಾ ಬಾಗಿಲಲ್ಲಿ ನಿಂತಿದ್ದರು. ಚಳಿಯಾಗುತ್ತದೆ, ಒಳಗೆ ಬನ್ನಿ ಎಂದು ಕೈ ಹಿಡಿದೆ. ಬಹಳ ಮರ್ಯಾದೆಯಿಂದ ಕೈ ಬಿಡಿಸಿಕೊಂಡರು.

"ಬರ್ತೇನಿ ಬಾಯಿ, ನೀವು ಮುಂದ ನಡೀರಿ," ಅಂದರು.

ಕನ್ನಡದಲ್ಲಿ.

ನಾನು ಹುಟ್ಟಿದಾಗಿನಿಂದ ಅವರು ನನ್ನ ಜೊತೆ ದಖನಿ ಬಿಟ್ಟು ಬೇರೆ ಮಾತಾಡಿಲ್ಲ. ಕನ್ನಡ ಗಂಜಿನದು, ಹೊರಗಿನವರ ಜೊತೆಯದು. ಇಡೀ ದಿನ ನನ್ನನ್ನು, ಗುರುತಿಲ್ಲದ ಹೆಂಗಸನ್ನು ಕರೆಯುವ ಹಾಗೆ, ಬಾಯಿ ಎಂದರು, ಚಹಾ ಕೊಟ್ಟಾಗ ತ್ರಾಸ ಕೊಟ್ಟೆ ಎಂದರು. ಅವರ ಕನ್ನಡ ಇಷ್ಟು ಚಂದವಿದೆ ಎಂದು ನನಗೆ ಗೊತ್ತಿರಲಿಲ್ಲ. ಕನ್ನಡ ಟೀಚರ್ ಆಗಿಯೂ.

ಫೆಬ್ರವರಿ 9

ಕಂಪನಿಯಿಂದ ಕಾಗದ ವಾಪಸು ಬಂದಿದೆ. ತಮ್ಮ ದಾಖಲೆಯಲ್ಲಿರುವ ಸಹಿಗೂ ಇದಕ್ಕೂ ಹೊಂದಾಣಿಕೆಯಾಗುತ್ತಿಲ್ಲ ಎಂದಿದ್ದಾರೆ. ಯಾವ ಸಹಿ? ಅವರಿಗೆ ಇನ್ನೊಂದು ಸಹಿ ಇದ್ದದ್ದೇ ನನಗೆ ತಿಳಿಯದು.

ಫೆಬ್ರವರಿ 17, ಭಾನುವಾರ

ಯಾರಿಗೂ ಹೇಳದೆ ಕೇಳದೆ ಶೇವಂತಾಬಾಯಿ ಬಂದರು. "ಲಾಲ್ ಭಾಯಿಗಿ ನೋಡಿ ಹೋಗ್ತೇನಂತ ಶಾಲೂಗಿ ಹೇಳ್ದೆ," ಎನ್ನುತ್ತ ಬಾಗಿಲಲ್ಲೇ ಒಂದು ಡಬ್ಬಿ ನೀರು ಕೆಳಗಿಟ್ಟರು. ಭಾಲ್ಕಿಯಿಂದ ರೈಲಿನಲ್ಲಿ ನೀರು ಹೊತ್ತು ತಂದಿದ್ದಾರೆ! ಬೀದರಿನಲ್ಲಿ ನೀರಿಲ್ಲವಂತೆ ಎಂದು ಯಾರೋ ಹೇಳಿದ್ದರಂತೆ.

ಅಬ್ಬಾ ಅವರ ಗುರುತು ಹಿಡಿದರು. ಕೂಡಲೇ. ನಾನು ಒಳಗೆ ಒಲೆಯ ಮುಂದಿದ್ದೆ.

"ಪಂಢರಿ ಬರಲಿಲ್ಲೇನು?"

"ಅವರು ಇಲ್ಲಲ್ಲ ಲಾಲ್ ಭಾಯಿ. ಆರು ವರ್ಷ ಆಯ್ತು."

ಅಬ್ಬಾ ತಲೆಯಾಡಿಸಿದರು. "ಹೌದು, ನಾ ಮಣ್ಣಿಗಿ ಬಂದಿದ್ದೆ," ಅಂದರು. "ಮಳಿ ಬರ್ಲತಿತ್ತು."

ನನಗೆ ಅಸೂಯೆಯಾಯಿತು, ಸುಳ್ಳು ಹೇಳಿ ಪ್ರಯೋಜನವಿಲ್ಲ.

ಸಹಿಯ ಫಜೀತಿ ಹೇಳಿದೆ. ಶೇವಂತಾಬಾಯಿ ಹಣೆ ಬಡಿದುಕೊಂಡರು. "ಆವಾಗ ಇವರಿಗಿ ಕನ್ನಡಾ ಬರೀಲಿಕ್ಕ ಎಲ್ಲಿ ಬರ್ತಿತ್ತವ್ವಾ? ಇಬ್ಬರೂ ನಿಜಾಮನ ಕಾಲದ ಸಾಲ್ಯಾಗ ಕಲ್ತವರು. ನಮ್ಮವರು ಹೊಲದ ಕಾಗದಾನೂ ಉರ್ದುದಾಗೇ ಬರೀತಿದ್ರು."

ಕೈಗೆ ಸಿಕ್ಕ ಹಾಳೆ ಕೊಟ್ಟೆ. "ಅಬ್ಬಾ, ಉರ್ದುದಲ್ಲಿ." ಪೆನ್ನು ಬಲಬದಿಯಿಂದ ಹೊರಟಿತು, ನಿಲ್ಲಲಿಲ್ಲ. ಒಂದೇ ಉಸಿರಿನಲ್ಲಿ ಅವರ ಹೆಸರು ಹಾಳೆಯ ಮೇಲೆ ಮಲಗಿತು, ಕೊನೆಯಲ್ಲಿ ಬಾಲದಂತೆ ಒಂದು ಗೆರೆ. ಮತ್ತೆ ಬರೆದರು. ಮತ್ತೆ. ಹಾಳೆಯ ತುಂಬ ಬರೆದರು. ನಾನು ಹುಟ್ಟುವ ಮೊದಲಿನ ಒಬ್ಬ ಮನುಷ್ಯ ನನ್ನೆದುರು ಕೂತು ಬರೆಯುತ್ತಿದ್ದಾನೆ ಅನಿಸಿತು, ಕಪ್ಪು ಕೂದಲಿನವನು.

ಆಮೇಲೆ ನೋಡಿದರೆ ಅದು ಶೇವಂತಾಬಾಯಿಯವರು ರುಜು ಹಾಕಿಕೊಟ್ಟ ಆ ಕಾಗದದ ಹಿಂಬದಿ. ಶಾಯಿ ಈ ಕಡೆಗೂ ಮೂಡಿ ಒಕ್ಕಣೆಯೆಲ್ಲ ಹಾಳಾಗಿದೆ. ಇರಲಿ.

ಮಾರ್ಚ್ 12

ಅಬ್ಬಾಗೆ ಎರಡು ವಾರದಿಂದ ಜ್ವರ ಬಂದು ಹೋಗುತ್ತಿತ್ತು, ಕಾಗದ ಮತ್ತೆ ಕಳಿಸಲು ಆಗಿಲ್ಲ. ಇವತ್ತು ಸಂಜೆ ಬಿಟ್ಟಿದೆ. ಮಧ್ಯಾಹ್ನ ಹೊರಗೆ ಗಾಳಿ ಕೂಡ ಮಲಗಿತ್ತು. ಟ್ಯಾಂಕರಿನ ಸಾಲಿನಲ್ಲಿ ಇಟ್ಟ ಕೊಡಗಳು ಮಾತ್ರ ಓಣಿಯಲ್ಲಿ ಎಚ್ಚರ. ಅಬ್ಬಾನ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದೆ. ಕಣ್ಣು ತೆರೆದರು.

"ಬಾಯಿ, ನೀವು ಓದಿದವರು ಕಾಣ್ತೀರಿ. ನನ್ನ ಮಗಳಿಗಿ ಒಂದ್ ಮಾತು ಮುಟ್ಟಸ್ತೀರೇನು?"

ನಾನು ಬಟ್ಟೆ ಹಿಂಡುತ್ತಿದ್ದೆ. "ಹೇಳ್ರಿ," ಅಂದೆ.

"ಗೋಲಿ ಕಂಪನಿ ಕಾಗದ ನನ್ನ ಹೆಸರಿಗಿ ಅದ. ಖರೇ ಅರ್ಧಾ ಪಂಢರೀದು. ನನಗ ಈಗೀಗ ಮರವು ಬಾಳ. ನಾ ಮರತೀನಂದ್ರ ಅವನದು ಹೋಗ್ತದ."

"ಮಗಳು ಎಲ್ಲಿ ಅದಾರ್ರಿ?"

"ಔರಾದ ಸಾಲ್ಯಾಗ ಟೀಚರ್ ಅದಾಳ. ಸಂಜಿಕ ಬರ್ತಾಳ, ಬಸ್ಸಿಗಿ ತಡಾ ಆಗ್ತದ."

"ಅವರಿಗಿ ಹೇಳಿದ್ರ ಮಾಡ್ತಾರೇನ್ರಿ?"

ಅಬ್ಬಾ ನಕ್ಕರು. ಪ್ರಶ್ನೆಯೇ ತಪ್ಪು ಎಂಬಂತೆ. "ಅಕಿಗಿ ಹೇಳಿದ್ರ ಸಾಕು. ಹೇಳೂದೇ ಉಳದಾದ."

"ಹೇಳ್ತೇನ್ರಿ," ಅಂದೆ.

ಅವರು ನಿದ್ದೆ ಹೋದರು. ನಾನು ಹಿತ್ತಲಿಗೆ ಹೋಗಿ ಖಾಲಿ ಕೊಡಗಳನ್ನು ತೊಳೆದೆ, ನೀರಿಲ್ಲದೆ, ಬರಿಯ ಬೂದಿಯಿಂದ. ಹೊಳೆಯುವ ತನಕ ತಿಕ್ಕಿದೆ.

ಮಾರ್ಚ್ 26

ತಿಂಗಳು ಮುಗಿಯುವುದರೊಳಗೆ ಫಾರಂ ಕಂಪನಿಗೆ ಮುಟ್ಟಿದರೆ, ಕಾಗದದ ಮೇಲೆಯೇ ಅರ್ಧವನ್ನು ಶೇವಂತಾಬಾಯಿ ಹೆಸರಿಗೆ ಮಾಡಬಹುದು ಎಂದು ಅಯ್ಯುಬನೇ ಅಂದಿದ್ದ. ಸುಮ್ಮನೆ ಕೇಳಿದೆ, ಏನೇನು ಬೇಕಾಗುತ್ತದೆ ಎಂದು. ಅವನು ಕಂಪ್ಯೂಟರು ಬಿಟ್ಟು ನನ್ನ ಕಡೆ ತಿರುಗಿದ.

"ನಿಮಗೇನ್ ಆಗ್ಯಾದ ಆಪಾ? ಅಕಿ ಬರದು ಕೊಟ್ಟಾಳಲ್ಲ?"

"ಅದು ಹಾಳಾಯ್ತು."

"ಇನ್ನೊಂದು ಬರಸ್ರಿ. ಮನಿ ಹೆಂಗ ತಗೋತೀರಿ ಅರ್ಧದಾಗ?"

ಅಂಗಡಿಯ ಹೊರಗೆ ಬಂದು ಶಾಲುಬಾಯಿಗೆ ಫೋನು ಮಾಡಿದೆ. ಶೇವಂತಾ ಕಾಕುವಿನ ಪ್ಯಾನ್ ಕಾರ್ಡೇ ಇಲ್ಲ. ಹೊಸದಕ್ಕೆ ಎರಡು ವಾರ. ಉಳಿದಿರುವುದು ಐದು ದಿನ.

ಏಪ್ರಿಲ್ 1

ತಾರೀಖು ದಾಟಿತು.

ಏಪ್ರಿಲ್ 3

ಎರಡು ದಿನ ಊಟ ಸೇರಲಿಲ್ಲ. ಇವತ್ತು ಅಯ್ಯುಬ ತಾನೇ ಮನೆಗೆ ಬಂದ. ಬಾಗಿಲ ಚೌಕಟ್ಟಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತು ಹೇಳಿದ: "ತಾರೀಖು ಮುಗೀತಂತ ಹಕ್ಕು ಮುಗಿಯಂಗಿಲ್ಲ ಆಪಾ. ಅಬ್ಬಾನ ಷೇರು ಅಬ್ಬಾನವೇ ಅವ. ದಾರಿ ಬ್ಯಾರೆ ಆಗ್ಯಾದ, ಅಷ್ಟೇ. ಮೊದಲು ಅಬ್ಬಾನ ಖಾತಾಕ್ಕ ಹಾಕಸೂಣು. ಅಲ್ಲಿಂದ ಯಾರ ಖಾತಾಕ್ಕ ಬೇಕು ಅವರಿಗಿ ಕಳಸ್ಬಹುದು. ಅವರದೂ ಒಂದು ಖಾತಾ ಇರ್ಬೇಕು."

ಕಾನೂನು ಅಬ್ಬಾನದನ್ನು ಕಾಯುತ್ತದೆ, ಯಾಕೆಂದರೆ ಪುಸ್ತಕದಲ್ಲಿ ಅವರ ಹೆಸರಿದೆ. ಪಂಢರಿ ಕಾಕಾನ ಅರ್ಧ ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಇದ್ದದ್ದು ಅಬ್ಬಾನ ತಲೆಯಲ್ಲಿ. ಅಲ್ಲಿಂದ ಯಾವಾಗ ನನ್ನ ಹತ್ತಿರ ಬಂತೋ.

ಡಿಮ್ಯಾಟ್ ಖಾತೆಯಲ್ಲಿಯೂ ಸಹಿ ಬದಲಿಸಿ, ಹೊಸ ಫಾರಮ್ಮಿಗೆ ಅಬ್ಬಾ ಉರ್ದುದಲ್ಲಿ ಸಹಿ ಹಾಕಿದರು. ಕಾಗದ ಹೋಯಿತು. ಕಾಕುಗೆ ಪ್ಯಾನ್ ಕಾರ್ಡು ಮಾಡಿಸಲು ಶಾಲುಬಾಯಿಗೆ ಹೇಳಿದ್ದೇನೆ. ಫೋನು ಇಡುವ ಮೊದಲು ಅವಳು, "ವಹೀದಾ ಅಕ್ಕಾ, ಆವತ್ತು ನಾ ನಿಮಗ ತಪ್ಪು ತಿಳಕೊಂಡಿದ್ದೆ," ಅಂದಳು. ಆವತ್ತು ಅವಳು ಸರಿಯಾಗಿಯೇ ತಿಳಿದುಕೊಂಡಿದ್ದಳು.

ಮೇ 19, ಭಾನುವಾರ

ರಂಜಾನಿನ ರೋಜಾ ನಡೆದಿದೆ. ಬಾಯಿ ಒಣಗಿ ಹಗಲೆಲ್ಲ ಅರ್ಧ ಕನಸಿನಲ್ಲಿ ಕಳೆಯುತ್ತದೆ. ಹೋದ ವಾರ ಮನೆ ಬಿಟ್ಟೆವು. ಗಂಜಿನ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಎರಡು ಕೋಣೆ ಸಿಕ್ಕವು. ಲಾರಿಗಳ ಸದ್ದು, ಬೇಳೆಯ ದೂಳು, ಹಮಾಲರ ಕೂಗು. ಅಬ್ಬಾ ಬೆಳಿಗ್ಗೆ ಎದ್ದು ಹೊರಗೆ ಹೋಗುತ್ತಾರೆ, ಚೀಲದ ಮೇಲೆ ಕೂತು ಕಾಳು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಾರೆ, ಮಧ್ಯಾಹ್ನಕ್ಕೆ ತಾವೇ ಬರುತ್ತಾರೆ. ಇಲ್ಲಿ ಅವರು ದಾರಿ ತಪ್ಪುವುದಿಲ್ಲ.

ಷೇರು ಖಾತೆಗೆ ಬಂದಿವೆ. ಅಯ್ಯುಬ ಫೋನಿನಲ್ಲಿ ತೋರಿಸಿದ. ನೀಲಿ ಅಂಚಿಲ್ಲ, ಬಳ್ಳಿಯಿಲ್ಲ. ಒಂದು ಹೆಸರು, ಒಂದು ಸಂಖ್ಯೆ. ನೋಡುತ್ತಿದ್ದಂತೆ ಪರದೆ ಕಪ್ಪಾಯಿತು. ಮುಟ್ಟಿದರೆ ಮತ್ತೆ ಬಂತು. ಮೂವತ್ತು ವರ್ಷಕ್ಕೂ ಮೇಲೆ ಪೆಟ್ಟಿಗೆಯ ತಳದಲ್ಲಿದ್ದದ್ದು ಈಗ ಎಲ್ಲಿಯೂ ಇಲ್ಲದೆ ಇದೆ.

ಚಿದ್ರಿ ರಸ್ತೆಯ ಆ ಮನೆಯನ್ನು ಯಾರೋ ಕೊಂಡರಂತೆ. ಗುಲಶನ ಹೇಳಿದಳು. ಈರುಳ್ಳಿ ಹೆಚ್ಚುತ್ತಿದ್ದೆವು.

ಜೂನ್ 12

ಈ ದಿನವನ್ನು ಸರಿಯಾಗಿ ಬರೆದಿಡಬೇಕು.

ಕಾಕುವಿನ ಖಾತೆ ಸಿದ್ಧವಾಗಿದೆ. ಅರ್ಧ ಷೇರು ಆ ಖಾತೆಗೆ ಕಳಿಸುವ ಚೀಟಿಗೆ ಅಬ್ಬಾ ಸಹಿ ಹಾಕಬೇಕು. ಅಯ್ಯುಬ ಚೀಟಿ ತುಂಬಿ ತಂದ. ಕೊಡುವ ಮೊದಲು ಹೊರಗೆ ಕರೆದು ಹೇಳಿದ: "ಕೊನೀ ಸಲ ಹೇಳ್ತೇನಿ. ನಾಮಿನಿ ನೀವು. ಏನೂ ಮಾಡದೇ ಕುಂತ್ರೂ ನಾಳಿ ಎಲ್ಲಾ ನಿಮ್ಮದೇ. ಯಾರೂ ಕೇಳಂಗಿಲ್ಲ."

"ಚೀಟಿ ಕೊಡು," ಅಂದೆ.

ಅಬ್ಬಾ ಹೊರಸಿನ ಮೇಲಿದ್ದರು. ಇದು ಪಂಢರಿ ಕಾಕಾನ ಅರ್ಧ, ಸಹಿ ಹಾಕಿರಿ ಎಂದೆ. ಚೀಟಿ ನೋಡಿದರು, ನನ್ನನ್ನು ನೋಡಿದರು, ಪೆನ್ನು ಕೆಳಗಿಟ್ಟರು.

"ನೀವು ಯಾರೋ ಏನೋ ಬಾಯಿ. ನಿಮ್ಮ ಮಾತು ಕೇಳಿ ನಾ ಸಹಿ ಹಾಕಂಗಿಲ್ಲ. ನನ್ನ ಮಗಳು ಬರ್ಲಿ."

ಎಷ್ಟು ಹೇಳಿದರೂ ಅದೇ. ಅಯ್ಯುಬ ಹೇಳಿದ, ಗುಲಶನ ಹೇಳಿದಳು. "ಮಗಳು ಬರ್ಲಿ. ಸಂಜಿಕ ಬರ್ತಾಳ." ಅಯ್ಯುಬ ತಲೆ ಕೆಳಗೆ ಹಾಕಿ ಕೂತ.

ನಾನು ಒಳಗೆ ಹೋದೆ. ಪೆಟ್ಟಿಗೆಯಿಂದ ಶಾಲೆಗೆ ಉಡುತ್ತಿದ್ದ ಬೂದು ಸೀರೆ ತೆಗೆದು ಉಟ್ಟೆ. ಹೆಗಲಿಗೆ ಬ್ಯಾಗು ಹಾಕಿಕೊಂಡೆ. ಹಿಂದಿನ ಬಾಗಿಲಿನಿಂದ ಹೊರಬಿದ್ದು ಗಂಜನ್ನು ಒಂದು ಸುತ್ತು ಹಾಕಿದೆ. ಅವಸರ ಮಾಡಲಿಲ್ಲ. ಬಸ್ಸಿಗೆ ತಡವಾಗುತ್ತದಲ್ಲ. ಬಿಸಿಲು ಇಳಿಯುತ್ತಿತ್ತು, ದೂಳಿನಲ್ಲಿ ಚೀಲ ಹೊತ್ತವರು ನೆರಳಿನ ಹಾಗೆ ಬರುತ್ತಿದ್ದರು, ಹೋಗುತ್ತಿದ್ದರು. ನಾನು ನಿಜವಾಗಿಯೂ ಔರಾದಿನಿಂದ ಬರುತ್ತಿದ್ದೇನೆ ಅನಿಸತೊಡಗಿತು. ಕೈಗೆ ಸೀಮೆಸುಣ್ಣದ ಪುಡಿ ಹತ್ತಿದೆಯೇನೋ ಎಂದು ನೋಡಿಕೊಂಡೆ.

ಮುಂದಿನ ಬಾಗಿಲಿನಿಂದ ಬಂದು ಚಪ್ಪಲಿ ಬಿಟ್ಟೆ.

"ಅಬ್ಬಾ, ಮೈ ಆಗಯಿ." ಬಂದೆ ಅಂದೆ, ದಖನಿಯಲ್ಲಿ.

ಅಬ್ಬಾ ತಲೆಯೆತ್ತಿದರು. "ಆಗಯೀ? ಬಸ್ ದೇರ್ ಕರೀ ಕ್ಯಾ?" ಎಂದರು. ಬಂದೆಯಾ, ಬಸ್ಸು ತಡವಾಯಿತೇ? ಮುಖ ಬೆಳಗಿತು. ಪಕ್ಕದಲ್ಲಿ ಕೂಡಿಸಿಕೊಂಡು, ಒಬ್ಬ ಬಾಯಿ ಬಂದಿದ್ದಳು, ಏನೋ ಕಾಗದ ತಂದಿದ್ದಳು, ನೀನು ನೋಡು ಎಂದು ಚೀಟಿಯನ್ನು ನನ್ನ ಕೈಗೆ ಕೊಟ್ಟರು. ನಾನು ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದಿ ಹೇಳಿದೆ. ಅವರು ಒಂದೊಂದು ಮಾತಿಗೂ ಹೂಂಗುಟ್ಟಿದರು. ಆಮೇಲೆ ಬಲದಿಂದ ಎಡಕ್ಕೆ ತಮ್ಮ ಹೆಸರು ಬರೆದರು.

ಅಯ್ಯುಬ ಚೀಟಿ ತೆಗೆದುಕೊಂಡು ಹೋದ. ಓಣಿಯ ತಿರುವಿನಲ್ಲಿ ನಿಂತು ಕಣ್ಣು ಒರೆಸಿಕೊಂಡದ್ದನ್ನು ಗುಲಶನ ನೋಡಿದಳಂತೆ.

ಜೂನ್ 23, ಭಾನುವಾರ

ಮಿರಗ, ಮೃಗಶಿರಾ ಮಳೆ ನಕ್ಷತ್ರ, ಬಂದು ಎರಡು ವಾರ ಕಳೆದರೂ ಮಳೆಯಿಲ್ಲ. ಭಾಲ್ಕಿಗೆ ಹೋಗಿದ್ದೆ. ಶಾಲುಬಾಯಿಯ ಫೋನಿಗೆ ಷೇರು ಜಮೆಯಾದ ಸಂದೇಶ ಬಂದಿತ್ತು, ಆದರೆ ಕಾಕು ನನ್ನ ಬಾಯಿಂದ ಕೇಳಬೇಕು ಎಂದು ಹಟ ಹಿಡಿದಿದ್ದರು. ಹೇಳಿದೆ.

"ಕಾಗದ ಎಲ್ಲಿ?"

"ಕಾಗದ ಇರಂಗಿಲ್ಲ ಕಾಕು. ಈಗ ಯಾರಿಗೂ ಇರಂಗಿಲ್ಲ."

"ಮತ್ತ ನಂದು ಅಂತ ಹ್ಯಾಂಗ ಗೊತ್ತಾಗ್ಬೇಕು?"

ಖಾತೆ, ಸಂಖ್ಯೆ ಎಂದು ವಿವರಿಸಲು ಹೋದೆ. ಅವರು ಕೈ ಅಡ್ಡ ಹಿಡಿದರು. "ಅದೆಲ್ಲಾ ಶಾಲೂಗಿ ಹೇಳು. ಲಾಲ್ ಭಾಯಿ ಖುಷಿ ಅದಾರೇನು?"

"ಅದಾರ."

"ಹಂಗಾದ್ರ ಆಯ್ತು." ಗೋಡೆಗೆ ಒರಗಿ ಕೂತರು. ಮಳೆ ಬಿದ್ದರೆ ಡಾಬಕಾಕ್ಕೆ ಹೋಗಿ ಮನೆಯ ಕೀಲಿ ತೆಗೆಯುತ್ತಾರಂತೆ. ಬೀಳದಿದ್ದರೂ ಒಮ್ಮೆ ಹೋಗಿ ನೆಲ ಸಾರಿಸಿ ಬರುತ್ತಾರಂತೆ. ನೀನೂ ಬಾ ಎಂದರು. ಹೂಂ ಅಂದೆ. ಊಟವಾದ ಮೇಲೆ ಚಾಪೆಯ ಮೇಲೆ ಅಡ್ಡಾದವಳಿಗೆ ಯಾವಾಗ ನಿದ್ದೆ ಬಂತೋ, ನಾಲ್ಕರ ಗಾಡಿ ತಪ್ಪಿತು. ಮುಂದಿನದಕ್ಕೆ ಬಂದೆ.

ಮನೆ ಮುಟ್ಟಿದಾಗ ಸಂಜೆ. ಅಬ್ಬಾ ಬಾಗಿಲ ಹೊರಗೆ ಹೊರಸು ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಯಾರ್ ಬೇಕಾಗಿತ್ರಿ?"

"ಯಾರೂ ಇಲ್ರಿ. ನಾ ಇಲ್ಲೇ ಇರ್ತೇನಿ."

ಸ್ವಲ್ಪ ಯೋಚಿಸಿದರು. "ಹೌದಾ? ಛಲೋ ಆಯ್ತು," ಅಂದರು. ಹೊರಸಿನ ಮೇಲೆ ಒಂದು ಬದಿಗೆ ಸರಿದು ಜಾಗ ಮಾಡಿಕೊಟ್ಟರು. "ಕೂಡ್ರಿ ಮತ್ತ."

ಕೂತೆ.